ನಾಲ್ಕು ಗಾಲಿಗಳ ಬಲ, ಒಂದು ಬಿಲ್ಲೆಯ ಗುಟ್ಟು

ಕೊಡಚಾದ್ರಿಯ ದಾರಿಯನ್ನು ನಮ್ಮ ವಾಚಕರಿಗೆ ನಾವು ಬಣ್ಣಿಸಿ ಹೇಳಬೇಕಾದುದಿಲ್ಲ. ಪುಣೆಯ ಹೋಟೆಲುಗಳಲ್ಲಿ ದುಡಿಯುತ್ತಿರುವ ನಮ್ಮವರಲ್ಲಿ ಕುಂದಾಪುರ, ಬೈಂದೂರು, ಹೊಸನಗರಗಳ ಕಡೆಯವರು ಹಲವರಿದ್ದಾರೆ. ವರುಷಕ್ಕೊಮ್ಮೆ ರಜೆ ದೊರೆತು ಊರಿಗೆ ಹೋದಾಗ, ಕೊಲ್ಲೂರಿನಲ್ಲಿ ದೇವಿಯ ದರ್ಶನ ಮುಗಿಸಿ, ಹೆಂಡತಿ ಮಕ್ಕಳನ್ನು ಬಾಡಿಗೆಯ ಜೀಪೊಂದರಲ್ಲಿ ಕೂರಿಸಿಕೊಂಡು, ಸಮುದ್ರಮಟ್ಟದಿಂದ 1,343 ಮೀಟರ್ ಎತ್ತರದ ಆ ಬೆಟ್ಟವನ್ನೇರಿ, ಮೂಲ ಮೂಕಾಂಬಿಕೆಗೆ ಕೈಮುಗಿದು, ಸರ್ವಜ್ಞಪೀಠದ ಕಲ್ಲುಮಂಟಪದ ಬಳಿ ಗಾಳಿಗೆ ಮೈಯೊಡ್ಡಿ ನಿಂತು ಬಾರದವರು ವಿರಳ. ಡಾಮರು ಮುಗಿದ ಮೇಲಿನ ದಾರಿ ದಾರಿಯಲ್ಲ. ಕಲ್ಲು, ಕೊರಕಲು, ಕೆಮ್ಮಣ್ಣಿನ ಕೆಸರು. ಅಲ್ಲಿ ಸಾಮಾನ್ಯ ಕಾರು ನಿಂತುಬಿಡುತ್ತದೆ. ಜೀಪು ಮಾತ್ರ ಗುರುಗುಟ್ಟುತ್ತಾ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುತ್ತಾ, ಏರಿಯೇ ಏರುತ್ತದೆ. ಒಳಗೆ ಕುಳಿತವರು ದೇವರ ನಾಮವನ್ನು ಸ್ಮರಿಸುತ್ತಿರುತ್ತಾರೆ. ಆದರೆ ಆ ಗಾಡಿಯನ್ನು ಏರಿಸುತ್ತಿರುವುದು ಯಾವುದು ಎಂಬುದನ್ನು ವಿಚಾರಿಸಿದವರು ಎಷ್ಟು ಮಂದಿ?

ನಾವಂತೂ ವಿಚಾರಿಸಿದವರಲ್ಲ. ವಿಚಾರಿಸದೆ ಇದ್ದುದರಿಂದ ನಮ್ಮ ಕೈಯಲ್ಲಿ ಒಂದು ದೊಡ್ಡ ತಪ್ಪು ನಡೆದುಹೋಗುವುದರಲ್ಲಿತ್ತು. ಆ ತಪ್ಪಿನ ಪ್ರಾಯಶ್ಚಿತ್ತವೆಂದೇ ಈ ಲೇಖನವನ್ನು ವಾಚಕರು ಭಾವಿಸಬಹುದು.

ನಮ್ಮ ಹೋಟೆಲಿನಲ್ಲಿ ಹದಿನಾಲ್ಕು ವರುಷ ದುಡಿದ ಒಬ್ಬ ಹುಡುಗನಿದ್ದ. ಹುಡುಗನೆಂದು ಕರೆಯುವುದು ನಮ್ಮ ರೂಢಿ. ಈಗ ಅವನಿಗೆ ಇಬ್ಬರು ಮಕ್ಕಳು. ಬಂದಾಗ ಮೇಜು ಒರೆಸುವ ಕೆಲಸಕ್ಕೆ ನಿಂತವನು, ಆಮೇಲೆ ದೋಸೆಯ ಕಾವಲಿಗೆ ಬಂದ. ರಾತ್ರಿಯ ಬಿಡುವಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ಪಡೆದು, ಕೊನೆಗೆ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ತರಕಾರಿ ತರುವ ನಮ್ಮ ಟೆಂಪೋವನ್ನು ಅವನೇ ನಡೆಸುತ್ತಿದ್ದ. ಒಂದು ದಿನ ಗಲ್ಲೆಯ ಬಳಿ ಬಂದು ನಿಂತು, “ಧಣಿ, ಒಂದು ಹಳೇ ಜೀಪು ನೋಡಿದ್ದೇನೆ. ಊರಿಗೆ ತಗೊಂಡು ಹೋಗಿ ಕೊಡಚಾದ್ರಿಗೆ ಬಾಡಿಗೆ ಹೊಡೆಯುವಾ ಅಂತ. ನೀವೊಮ್ಮೆ ಬಂದು ನೋಡಿದರೆ ಧೈರ್ಯ” ಎಂದ. ಹದಿನಾಲ್ಕು ವರುಷದ ಉಳಿತಾಯ, ಅದರ ಮೇಲೆ ಹೆಂಡತಿಯ ಬಳೆಗಳನ್ನು ಸೊಸೈಟಿಯಲ್ಲಿಟ್ಟು ತಂದ ಹಣ. ಅಷ್ಟೂ ಈ ಜೀಪಿಗೆ.

ನಾವು ಹೋದೆವು. ಮಾರುವವನು ಬಹಳ ವಿನಯಶಾಲಿ. ಜೀಪಿನ ನೆಲದ ಮೇಲಿನ ಚಿಕ್ಕ ಸನ್ನೆಗೋಲನ್ನು ಎಳೆದು, “ಇದೋ ಫೋರ್ ವೀಲ್” ಎಂದ. ಗಾಡಿಯನ್ನು ಮೆಲ್ಲನೆ ಮುಂದಕ್ಕೆ ಬಿಡಿಸಿ, “ಬಗ್ಗಿ ನೋಡಿ, ಮುಂದಿನ ಶಾಫ್ಟು ತಿರುಗುತ್ತದೆಯೋ ಇಲ್ಲವೋ” ಎಂದ. ನಾವು ಬಗ್ಗಿ ನೋಡಿದೆವು. ತಿರುಗುತ್ತಿತ್ತು. ಎದ್ದು ನಿಂತು ಕೈಯ ಧೂಳನ್ನು ಕೊಡವಿಕೊಂಡು, “ಜೀಪಿನಲ್ಲಿ ಇನ್ನೇನು ನೋಡುವುದಿದೆ ಮಾರಾಯ, ಮುಂಗಡ ಕೊಟ್ಟುಬಿಡು” ಎಂದು ನಾವೇ ಹೇಳಿದೆವು. ಅವನು ಕೊಟ್ಟ.

ಆ ಮಾತು ನಮ್ಮದು. ಅದನ್ನು ಹೇಳುವ ಅರ್ಹತೆ ನಮಗಿರಲಿಲ್ಲ.

ಖಡಕಿಯ ಮಿಸ್ತ್ರಿ

ದೈವವಶಾತ್, ಪೂರ್ತಿ ಹಣ ಸಲ್ಲುವ ಮುನ್ನ ಗಾಡಿಯನ್ನು ಒಮ್ಮೆ ಖಡಕಿಯ ಕಡೆಯ ಒಬ್ಬ ಮಿಸ್ತ್ರಿಗೆ ತೋರಿಸುವ ಬುದ್ಧಿ ಹುಡುಗನಿಗೆ ಬಂತು. ಆ ಮಿಸ್ತ್ರಿ ಸೈನ್ಯದ ವಾಹನಗಳಲ್ಲಿ ಕೈ ಪಳಗಿಸಿ ನಿವೃತ್ತನಾದ ಮರಾಠಿ ಗೃಹಸ್ಥ. ಇಂಜಿನನ್ನು ನೋಡುವ ಮೊದಲೇ ಅವನು ಮುಂದಿನ ಗಾಲಿಗಳ ನಟ್ಟನಡುವೆ ಇದ್ದ, ಅಂಗೈಯಗಲದ ಎರಡು ಬಿಲ್ಲೆಗಳನ್ನು ನೋಡಿದ. “ಅಣ್ಣಾ, ಇವು ಕೆಲಸ ಮಾಡುತ್ತವೆಯೇ?” ಎಂದು ನಮ್ಮನ್ನು ಕೇಳಿದ. ಅವು ಅಲಂಕಾರದ ಮುಚ್ಚಳಗಳೆಂದೇ ನಾವು ತಿಳಿದಿದ್ದೆವು.

ಹಿಂದಿನ ಗಾಲಿಗಳಿಗೆ ಕಲ್ಲು ಕೊಡಿಸಿ, ಮುಂದಿನ ಎರಡು ಗಾಲಿಗಳನ್ನೂ ಜಾಕಿನಿಂದೆತ್ತಿ, ಕೆಳಗೆ ಗಟ್ಟಿಯಾದ ಆಧಾರಗಳನ್ನಿಟ್ಟ. ಇಂಜಿನು ಬಂದ್, ಗೇರು ಮೊದಲನೆಯದರಲ್ಲಿ, ಚಿಕ್ಕ ಸನ್ನೆ ಫೋರ್ ವೀಲಿನಲ್ಲಿ, ಎರಡು ಬಿಲ್ಲೆಗಳೂ ‘ಲಾಕ್’ ಎಂಬ ಗುರುತಿಗೆ. ಆಮೇಲೆ ಬಲಗಾಲಿಯನ್ನು ಕೈಯಿಂದ ಮುಂದಕ್ಕೆ ತಿರುಗಿಸಿ, “ಎಡಗಾಲಿಯನ್ನು ನೋಡುತ್ತಿರಿ” ಎಂದ. ಎಡಗಾಲಿ ಅಲುಗಲಿಲ್ಲ. “ಅದು ಹಿಂದಕ್ಕೆ ತಿರುಗಬೇಕಾಗಿತ್ತು. ತಿರುಗಲಿಲ್ಲ. ಈ ಗಾಡಿ ಫೋರ್ ವೀಲ್ ಅಲ್ಲ, ಅಣ್ಣಾ. ಇದು ಹಿಂದಿನ ಎರಡು ಗಾಲಿಗಳ ಗಾಡಿ” ಎಂದು ಕೈಯೊರೆಸಿಕೊಂಡ.

ಸನ್ನೆ ಬೀಳುತ್ತದೆ, ಶಾಫ್ಟು ತಿರುಗುತ್ತದೆ, ಆದರೂ ಮುಂದಿನ ಗಾಲಿಗಳಿಗೆ ಬಲವಿಲ್ಲ! ಇದೆಂತಹ ಇಂದ್ರಜಾಲ? ಅಂದು ಸಂಜೆ ಆ ಮಿಸ್ತ್ರಿಯ ಎದುರಿನ ಮರದ ಪೆಟ್ಟಿಗೆಯ ಮೇಲೆ ಕುಳಿತು ನಾವು ಕಲಿತುದನ್ನೂ, ಬಳಿಕ ಓದಿ ತಿಳಿದುದನ್ನೂ ಇಲ್ಲಿ ಕ್ರಮವಾಗಿ ಹೇಳುತ್ತೇವೆ. ಪಿಂಪ್ರಿ, ಚಿಂಚವಡ, ಆಕುರ್ಡಿ, ಚಾಕಣಗಳ ವಾಹನದ ಕಾರ್ಖಾನೆಗಳ ನೆರಳಿನಲ್ಲೇ ನಮ್ಮವರು ಅನೇಕರು ಬದುಕುತ್ತಿದ್ದಾರೆ. ಆ ಗೋಡೆಗಳ ಒಳಗೆ ತಯಾರಾಗುವುದೇನೆಂಬುದನ್ನು ನಾವೂ ಅಷ್ಟಿಷ್ಟು ಅರಿತಿರುವುದು ಒಳ್ಳೆಯದು.

ರಥಬೀದಿಯ ತಿರುವು

ಮೊದಲು ಒಂದು ಸಂಗತಿ. ಗಾಡಿ ನೇರವಾಗಿ ಹೋಗುವಾಗ ಎರಡು ಕಡೆಯ ಗಾಲಿಗಳೂ ಸಮವಾಗಿ ಓಡುತ್ತವೆ, ತಿರುವಿನಲ್ಲಿ ಹಾಗಲ್ಲ. ಉಡುಪಿಯ ರಥಬೀದಿಯಲ್ಲಿ ತೇರು ಎಳೆಯುವುದನ್ನು ನೆನೆದುಕೊಳ್ಳಿರಿ. ಮೂಲೆ ಬಂದಾಗ ಒಳಮಗ್ಗುಲಿನ ಹಗ್ಗ ಹಿಡಿದವರು ನಿಂತಲ್ಲೇ ಹೆಜ್ಜೆ ಬದಲಿಸುತ್ತಾರೆ. ಹೊರಮಗ್ಗುಲಿನವರು ದಾಪುಗಾಲು ಹಾಕಬೇಕಾಗುತ್ತದೆ. ಜೀಪಿನ ಎಡ ಬಲ ಗಾಲಿಗಳ ನಡುವಣ ಅಂತರ ಸುಮಾರು ಒಂದೂಕಾಲು ಮೀಟರ್ ಎಂದಿಟ್ಟುಕೊಂಡರೆ, ಒಂದು ಪೂರ್ಣ ಸುತ್ತು ಬರುವಷ್ಟರಲ್ಲಿ ಹೊರಗಾಲಿಯು ಒಳಗಾಲಿಗಿಂತ ಸುಮಾರು 7.8 ಮೀಟರ್ ಹೆಚ್ಚು ಓಡಿರುತ್ತದೆ. ಸುತ್ತು ಚಿಕ್ಕದಾದರೂ ಅಷ್ಟೇ, ದೊಡ್ಡದಾದರೂ ಅಷ್ಟೇ. ಎರಡು ಗಾಲಿಗಳನ್ನೂ ಒಂದೇ ಕಬ್ಬಿಣದ ಅಚ್ಚಿಗೆ ಬಿಗಿದುಬಿಟ್ಟರೆ ಈ ವ್ಯತ್ಯಾಸಕ್ಕೆ ಎಡೆಯೆಲ್ಲಿ? ಟಯರು ಸವೆಯಬೇಕು, ಇಲ್ಲವೆ ಅಚ್ಚು ಮುರಿಯಬೇಕು.

ಇದಕ್ಕೆ ಕಂಡುಹಿಡಿದ ಉಪಾಯವೇ ಡಿಫರೆನ್ಶಿಯಲ್. ಲಾರಿಗಳ ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿ ಕಾಣುವ ಭಾಗವದು. ಅದರೊಳಗಿನ ಹಲ್ಲುಗಾಲಿಗಳ ಕೆಲಸವನ್ನು ತಿಳಿಯಲು ಬಾವಿಯ ರಾಟೆಯೊಂದನ್ನು ಕಲ್ಪಿಸಿಕೊಳ್ಳಿರಿ. ರಾಟೆಯ ಮೇಲೆ ಒಂದು ಹಗ್ಗ; ಹಗ್ಗದ ಎರಡು ತುದಿಗಳಿಗೂ ಒಂದೊಂದು ಅಕ್ಕಿಮೂಟೆ. ನೀವು ರಾಟೆಯನ್ನು ಹಿಡಿದು ನೆಲದ ಮೇಲೆ ಮುಂದಕ್ಕೆಳೆದರೆ ಎರಡು ಮೂಟೆಗಳೂ ಎಳೆದುಕೊಂಡು ಬರುತ್ತವೆ. ಒಂದು ತುಸು ಹಿಂದೆ ಬಿದ್ದರೆ ಇನ್ನೊಂದು ತುಸು ಮುಂದೆ ಸರಿಯುತ್ತದೆ. ಹಗ್ಗ ರಾಟೆಯ ಮೇಲೆ ಜಾರಿ ಸರಿಹೊಂದಿಸುತ್ತದೆ. ತಿರುವಿನ ತೊಂದರೆ ಪರಿಹಾರವಾಯಿತು.

ಆದರೆ ಇದರಲ್ಲೊಂದು ಕೇಡಿದೆ. ಒಂದು ತುದಿಯ ಮೂಟೆ ಕಳಚಿ ಬಿದ್ದಿತೆನ್ನಿ. ಆಗ ರಾಟೆಯನ್ನು ಎಷ್ಟು ಎಳೆದರೂ ಹಗ್ಗ ಆ ಕಡೆಯಿಂದ ಸರ್ರನೆ ಜಾರುವುದೇ ಹೊರತು, ಇನ್ನೊಂದು ಮೂಟೆ ಅಲುಗದು. ಒಂದು ತುದಿಯಲ್ಲಿ ಬಿಗಿಯಿಲ್ಲದಿದ್ದರೆ ಇನ್ನೊಂದು ತುದಿಯಲ್ಲಿಯೂ ಬಿಗಿಯಿಲ್ಲ. ಗಾಡಿಯ ಒಂದು ಗಾಲಿ ಕೆಸರಿನಲ್ಲಿ ಗರಗರನೆ ಸುತ್ತುತ್ತಿರುವಾಗ, ಗಟ್ಟಿನೆಲದ ಮೇಲಿರುವ ಅದರ ಜೊತೆಗಾಲಿ ಸುಮ್ಮನೆ ನಿಂತು ನೋಡುತ್ತಿರುವುದನ್ನು ವಾಚಕರು ಕಂಡಿರಬಹುದು. ಮಳೆಗಾಲದಲ್ಲಿ ನಾರಾಯಣಗಾಂವದ ಕಡೆ ಟೊಮೇಟೊ ತರಲು ಹೋದ ನಮ್ಮ ಟೆಂಪೋ ಹೊಲದಂಚಿನಲ್ಲಿ ಹೂತು ನಿಂತಾಗ, ಡ್ರೈವರನ ಮೇಲೆ ನಾವು ರೇಗಿದ್ದೆವು. ಅದು ಅವನ ತಪ್ಪಲ್ಲ, ರಾಟೆಯ ಧರ್ಮ ಎಂಬುದು ನಮಗೀಗ ತಿಳಿಯಿತು.

ಮುಂದಿನ ಗಾಲಿಗಳನ್ನೂ ದುಡಿಸುವ ಬಗೆ

ಸಾಮಾನ್ಯ ಲಾರಿಯಲ್ಲಿ ಇಂಜಿನಿನ ಬಲ ಗೇರುಪೆಟ್ಟಿಗೆಯಿಂದ ಹೊರಟು, ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಿನ ಅಚ್ಚಿಗೆ ಮಾತ್ರ ಮುಟ್ಟುತ್ತದೆ. ನಾಲ್ಕು ಗಾಲಿಗಳಿದ್ದು ಎರಡು ಮಾತ್ರ ದುಡಿಯುವ ಇಂತಹ ಗಾಡಿಗೆ 4×2 ಎಂದು ಹೆಸರು. ನಾಲ್ಕೂ ದುಡಿದರೆ 4×4. ಆರರಲ್ಲಿ ಆರೂ ದುಡಿದರೆ 6×6. ಮೊದಲನೆಯ ಅಂಕೆ ಉಣ್ಣುವವರದು, ಎರಡನೆಯದು ದುಡಿಯುವವರದು ಎಂದು ನೆನಪಿಟ್ಟುಕೊಳ್ಳಬಹುದು.

ನಾಲ್ಕನ್ನೂ ದುಡಿಸಬೇಕಾದರೆ ಗೇರುಪೆಟ್ಟಿಗೆಯ ಬೆನ್ನಿಗೆ ಇನ್ನೊಂದು ಪೆಟ್ಟಿಗೆ ಬೇಕು. ಇದನ್ನು ಟ್ರಾನ್ಸ್‌ಫರ್ ಕೇಸ್ ಎನ್ನುತ್ತಾರೆ. ಬಂದ ಬಲವನ್ನು ಹಿಂದಿನ ಅಚ್ಚಿಗೊಂದು ಪಾಲು, ಮುಂದಿನ ಅಚ್ಚಿಗೊಂದು ಪಾಲು ಎಂದು ಹಂಚುವುದು ಇದರ ಕೆಲಸ. ಚಿಕ್ಕ ಸನ್ನೆಗೋಲು ಇದಕ್ಕೆ ಸೇರಿದ್ದು. ಸಾಮಾನ್ಯವಾಗಿ ಅದಕ್ಕೆ ಮೂರು ಸ್ಥಾನಗಳು: ಹಿಂದಿನ ಎರಡೇ ಗಾಲಿಗಳು ದುಡಿಯುವ ‘ಟೂ ಎಚ್’, ನಾಲ್ಕೂ ದುಡಿಯುವ ‘ಫೋರ್ ಎಚ್’, ಮತ್ತು ನಾಲ್ಕೂ ನಿಧಾನವಾಗಿ, ಆದರೆ ಹೆಚ್ಚಿನ ಬಲದಿಂದ ದುಡಿಯುವ ‘ಫೋರ್ ಎಲ್’.

ಈ ಮೂರನೆಯದನ್ನು ಹೋಟೆಲಿನವರಾದ ನಾವು ಸುಲಭವಾಗಿ ಅರ್ಥಮಾಡಿಕೊಳ್ಳಬಹುದು. ಹಿಟ್ಟು ರುಬ್ಬುವ ಗ್ರೈಂಡರಿನ ಮೋಟಾರು ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಸುತ್ತುತ್ತದೆ. ಕಲ್ಲು ಅಷ್ಟು ವೇಗವಾಗಿ ಸುತ್ತುವುದಿಲ್ಲ. ಚಿಕ್ಕ ಗಾಲಿಯಿಂದ ದೊಡ್ಡ ಗಾಲಿಗೆ ಬೆಲ್ಟು ಹಾಕಿ ವೇಗವನ್ನಿಳಿಸಿದಷ್ಟೂ ತಿರುಗಿಸುವ ಬಲ ಏರುತ್ತದೆ; ಆದುದರಿಂದಲೇ ಆ ಚಿಕ್ಕ ಮೋಟಾರು ಅಷ್ಟು ಭಾರದ ಕಲ್ಲನ್ನು ಹೊರಳಿಸಬಲ್ಲುದು. ‘ಫೋರ್ ಎಲ್’ನಲ್ಲಿ ಜೀಪುಗಳ ವೇಗ ಸುಮಾರು ಎರಡರಿಂದ ಎರಡೂವರೆ ಪಟ್ಟು ಇಳಿದು, ಬಲ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಏರುವಾಗ ಮಾತ್ರವಲ್ಲ, ಇಳಿಯುವಾಗ ಇದರ ಉಪಕಾರ ಇನ್ನೂ ಹೆಚ್ಚು. ಮೊದಲನೆಯ ಗೇರಿನಲ್ಲಿ ಇಂಜಿನೇ ಗಾಡಿಯನ್ನು ಹಿಡಿದುಕೊಳ್ಳುವುದರಿಂದ ಬ್ರೇಕನ್ನು ಒತ್ತಿ ಒತ್ತಿ ಕಾಯಿಸಬೇಕಾಗಿಲ್ಲ. ಗಾಡಿಯನ್ನು ನಿಲ್ಲಿಸಿಯೇ ಈ ಸ್ಥಾನಕ್ಕೆ ಸನ್ನೆ ಹಾಕಬೇಕೆಂಬುದು ಹಳೆಯ ಜೀಪುಗಳ ನಿಯಮ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ತಿರುವಿನಲ್ಲಿ ಒಳಗಾಲಿ ಹೊರಗಾಲಿಗಳಂತೆಯೇ ಮುಂದಿನ ಗಾಲಿಗಳೂ ಹಿಂದಿನ ಗಾಲಿಗಳೂ ಬೇರೆ ಬೇರೆ ಜಾಡು ಹಿಡಿಯುತ್ತವೆ. ಮುಂದಿನವು ಹೆಚ್ಚು ದೂರ ಓಡುತ್ತವೆ. ಆದರೆ ಹಳೆಯ ಮಾದರಿಯ ಜೀಪು, ಪಿಕಪ್ಪುಗಳಲ್ಲಿ ಸನ್ನೆ ಹಾಕಿದೊಡನೆ ಮುಂದಿನ ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ನಡುವೆ ರಾಟೆಯಿಲ್ಲ. ಕೆಸರಿನಲ್ಲಿ, ಮರಳಿನಲ್ಲಿ, ಸಡಿಲು ಕಲ್ಲಿನ ಮೇಲೆ ಗಾಲಿಗಳು ತುಸು ಜಾರಿ ಈ ವ್ಯತ್ಯಾಸವನ್ನು ಕಳೆದುಕೊಳ್ಳುತ್ತವೆ. ಒಣಗಿದ ಡಾಮರಿನ ಮೇಲೆ ಜಾರಲು ಎಡೆಯಿಲ್ಲದೆ ಶಾಫ್ಟುಗಳು ಒಳಗೊಳಗೇ ಹುರಿಗೊಳ್ಳುತ್ತವೆ. ಸ್ಟಿಯರಿಂಗ್ ಭಾರವಾಗುತ್ತದೆ, ಟಯರುಗಳು ಕಿರುಗುಟ್ಟುತ್ತವೆ, ಸನ್ನೆ ಕಚ್ಚಿಕೊಂಡು ಹೊರಬರಲೊಲ್ಲದು. ಆದಕಾರಣ ಕಾತ್ರಜದ ಘಟ್ಟವನ್ನು ಫೋರ್ ವೀಲಿನಲ್ಲಿ ಹತ್ತಿದೆನೆಂದು ಜಂಭ ಕೊಚ್ಚುವವನು ತನ್ನ ಗಾಡಿಯನ್ನು ತಾನೇ ಕೊಲ್ಲುತ್ತಿದ್ದಾನೆಂದು ತಿಳಿಯಬೇಕು. ಯಾವಾಗಲೂ ನಾಲ್ಕು ಗಾಲಿಗಳನ್ನೂ ದುಡಿಸುವ ಬೇರೆ ಬಗೆಯ ವಾಹನಗಳಿವೆ. ಅವುಗಳಲ್ಲಿ ನಡುವೆ ಮೂರನೆಯ ಡಿಫರೆನ್ಶಿಯಲ್ಲನ್ನೋ, ಜಾರಲು ಎಡೆಗೊಡುವ ಕ್ಲಚ್ಚನ್ನೋ ಇಟ್ಟಿರುತ್ತಾರೆ. ಅವುಗಳ ಮಾತು ಬೇರೆ.

ಬಿಲ್ಲೆಯ ಗುಟ್ಟು

ಇನ್ನು ಆ ಬಿಲ್ಲೆಗೆ ಬರೋಣ. ಅದರ ಕಥೆ ಯುದ್ಧದಿಂದ ಆರಂಭವಾಗುತ್ತದೆ.

ನಾಲ್ಕು ಗಾಲಿಗಳನ್ನೂ ದುಡಿಸುವ ಯೋಚನೆ ಹಳೆಯದೇ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತ್ಯದ ಕ್ಲಿಂಟನ್‌ವಿಲ್ ಎಂಬಲ್ಲಿ ಝಾಕೋ ಮತ್ತು ಬೆಸರ್ಡಿಕ್ ಎಂಬಿಬ್ಬರು 1908ರಲ್ಲೇ ಇದರ ಹಕ್ಕುಪತ್ರ ಪಡೆದಿದ್ದರು. ಅವರ ಪ್ರಯತ್ನದಿಂದ ಹುಟ್ಟಿದ ಸಂಸ್ಥೆಯ ಲಾರಿಗಳು ಮೊದಲನೆಯ ಮಹಾಯುದ್ಧದಲ್ಲಿ ಸಹಸ್ರಗಟ್ಟಲೆಯಾಗಿ ಕೆಸರಿನಲ್ಲಿ ಮದ್ದುಗುಂಡು ಹೊತ್ತವು. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ 1945ರ ಒಳಗೆ, ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳೆರಡೂ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ನಮ್ಮ ದೇಶದಲ್ಲಿ 1945ರಲ್ಲಿ ಸ್ಥಾಪಿತವಾದ ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯ ವೇಳೆಗೆ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಜಬ್ಬಲಪುರದ ಸರಕಾರಿ ಕಾರ್ಖಾನೆಯಿಂದ ಜರ್ಮನಿಯ ಮಾನ್ ಸಂಸ್ಥೆಯ ಮಾದರಿಯ ‘ಶಕ್ತಿಮಾನ್’ ಲಾರಿ 1959ರಲ್ಲಿ ಹೊರಬಂದು, ದಶಕಗಳ ಕಾಲ ನಮ್ಮ ಸೈನ್ಯವನ್ನು ಹಿಮಾಲಯದ ದಾರಿಗಳಲ್ಲಿ ಹೊತ್ತಿತು. ಅದರ ಸ್ಥಾನಕ್ಕೆ ಬಂದ ಅಶೋಕ್ ಲೇಲ್ಯಾಂಡಿನ ‘ಸ್ಟ್ಯಾಲಿಯನ್’ ಕೂಡ ನಾಲ್ಕು ಗಾಲಿಗಳ ಬಲದ್ದೇ.

ಯುದ್ಧಕಾಲದ ಜೀಪಿನಲ್ಲಿ ಮುಂದಿನ ಗಾಲಿಗಳು ತಮ್ಮ ಅಚ್ಚುದಂಡಗಳಿಗೆ ಶಾಶ್ವತವಾಗಿ ಬಿಗಿಯಲ್ಪಟ್ಟಿದ್ದವು. ಸನ್ನೆಯನ್ನು ‘ಟೂ ಎಚ್’ಗೆ ಹಾಕಿದರೆ ಇಂಜಿನಿನ ಬಲ ಮುಂದಕ್ಕೆ ಬಾರದು, ನಿಜ, ಆದರೆ ರಸ್ತೆಯ ಮೇಲೆ ಉರುಳುವ ಗಾಲಿಗಳೇ ಅಚ್ಚುದಂಡಗಳನ್ನೂ, ಡಿಫರೆನ್ಶಿಯಲ್ಲನ್ನೂ, ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೂ ವೃಥಾ ತಿರುಗಿಸುತ್ತಲೇ ಇರುತ್ತವೆ. ಅದರಿಂದ ಸವೆತ, ಸದ್ದು, ಒಂದಿಷ್ಟು ಎಣ್ಣೆಯ ನಷ್ಟ. ಯುದ್ಧ ಮುಗಿದು ಮಿಕ್ಕ ಜೀಪುಗಳು ರೈತರ, ವ್ಯಾಪಾರಿಗಳ ಕೈಸೇರಿ ದಿನವೂ ಒಳ್ಳೆಯ ರಸ್ತೆಯಲ್ಲಿ ಓಡತೊಡಗಿದಾಗ ಈ ವ್ಯರ್ಥ ದುಡಿಮೆ ಎದ್ದುಕಂಡಿತು. 1948ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಆರ್ಥರ್ ವಾರ್ನ್ ಎಂಬಾತನು ಇಂತಹ ಜೀಪುಗಳಿಗೆ, ಗಾಲಿಯನ್ನು ಅಚ್ಚುದಂಡದಿಂದ ಬೇಕಾದಾಗ ಬಿಡಿಸುವ, ಬೇಕಾದಾಗ ಬಿಗಿಯುವ ಹಬ್ಬನ್ನು ತಯಾರಿಸಿ ಮಾರುವ ಉದ್ಯಮ ಆರಂಭಿಸಿದನು. ಇದೇ ಲಾಕಿಂಗ್ ಹಬ್.

ಅದರ ಒಳಗಿನ ರಚನೆ ಸರಳ. ಅಚ್ಚುದಂಡದ ತುದಿಯಲ್ಲಿ ಹಲ್ಲುಗಳುಳ್ಳ ಒಂದು ಉಂಗುರ. ಗಾಲಿಗೆ ಬೋಲ್ಟುಗಳಿಂದ ಬಿಗಿದ ಹೊರಕವಚದ ಒಳಮೈಯಲ್ಲಿಯೂ ಹಲ್ಲುಗಳು. ಇವೆರಡರ ನಡುವೆ ಸರಿದಾಡುವ ಇನ್ನೊಂದು ಉಂಗುರ, ಅದರ ಹಿಂದೊಂದು ಸ್ಪ್ರಿಂಗು. ಹೊರಗಿನ ಬಿಲ್ಲೆಯನ್ನು ‘ಲಾಕ್’ಗೆ ತಿರುಗಿಸಿದರೆ ನಡುವಣ ಉಂಗುರ ಸರಿದು ಎರಡು ಕಡೆಯ ಹಲ್ಲುಗಳನ್ನೂ ಕಚ್ಚಿಕೊಳ್ಳುತ್ತದೆ, ಗಾಲಿಯೂ ಅಚ್ಚುದಂಡವೂ ಒಂದಾಗುತ್ತವೆ. ‘ಫ್ರೀ’ಗೆ ತಿರುಗಿಸಿದರೆ ಉಂಗುರ ಹಿಂದೆ ಸರಿಯುತ್ತದೆ, ಗಾಲಿ ತನ್ನ ಪಾಡಿಗೆ ಬೇರಿಂಗಿನ ಮೇಲೆ ಉರುಳುತ್ತದೆ, ಒಳಗಿನ ದಂಡ ವಿಶ್ರಮಿಸುತ್ತದೆ. ಡ್ರೈವರನು ಕೆಳಗಿಳಿಯದಂತೆ ತಾನಾಗಿ ಕಚ್ಚಿಕೊಳ್ಳುವ ಹಬ್ಬುಗಳೂ ಆಮೇಲೆ ಬಂದವು. ಅವುಗಳಲ್ಲಿ ಹಲವನ್ನು ಬಿಡಿಸಬೇಕಾದರೆ ಸನ್ನೆಯನ್ನು ‘ಟೂ ಎಚ್’ಗೆ ತಂದು, ಗಾಡಿಯನ್ನು ಕೆಲವು ಅಡಿ ಹಿಮ್ಮುಖವಾಗಿ ನಡೆಸಬೇಕು. ಸೈನ್ಯದ ಭಾರೀ ಲಾರಿಗಳಲ್ಲಿ ಸಾಮಾನ್ಯವಾಗಿ ಈ ಬಿಲ್ಲೆ ಇರುವುದಿಲ್ಲ; ಗಾಲಿ ಅಚ್ಚುದಂಡಕ್ಕೆ ಬಿಗಿದೇ ಇರುತ್ತದೆ.

ಈಗ ನಮ್ಮ ಹುಡುಗನ ಜೀಪಿಗೆ ಮರಳೋಣ. ಮಿಸ್ತ್ರಿ ಎರಡು ಬಿಲ್ಲೆಗಳನ್ನೂ ಬಿಚ್ಚಿದ. ಬಲಗಡೆಯದು ಹಳತಾದರೂ ಸರಿಯಿತ್ತು. ಎಡಗಡೆಯದರಲ್ಲಿ ಗ್ರೀಸು ಕಲ್ಲಾಗಿತ್ತು, ಸ್ಪ್ರಿಂಗು ತುಂಡಾಗಿತ್ತು, ಉಂಗುರದ ಹಲ್ಲುಗಳು ಸವೆದು ನುಣ್ಣಗಾಗಿದ್ದವು. ಬಿಲ್ಲೆ ಮಾತ್ರ ‘ಲಾಕ್’ಗೂ ‘ಫ್ರೀ’ಗೂ ಸುಖವಾಗಿ ತಿರುಗುತ್ತಿತ್ತು!

ರಾಟೆಯ ದೃಷ್ಟಾಂತವನ್ನು ವಾಚಕರು ಮತ್ತೊಮ್ಮೆ ನೆನಪಿಗೆ ತಂದುಕೊಳ್ಳಲಿ. ಹಬ್ಬೆಂದರೆ ಹಗ್ಗದ ತುದಿಯನ್ನು ಮೂಟೆಗೆ ಕಟ್ಟಿದ ಗಂಟು. ಎಡಗಡೆಯ ಗಂಟು ಬಿಚ್ಚಿಹೋಗಿದೆ. ಆದಕಾರಣ ಸನ್ನೆ ಹಾಕಿದಾಗ ಮುಂದಿನ ಪ್ರೊಪೆಲ್ಲರ್ ಶಾಫ್ಟು ತಿರುಗಿದರೂ ಎಡಗಡೆಯ ದಂಡ ಗಾಲಿಯನ್ನು ಹಿಡಿಯದೆ ಒಳಗೇ ಸುತ್ತುತ್ತದೆ. ಎಡಗಡೆ ಬಿಗಿಯಿಲ್ಲದ ಮೇಲೆ ಬಲಗಡೆಗೂ ಬಲ ಮುಟ್ಟದು. ಒಂದು ಹಬ್ಬು ಕೆಟ್ಟರೆ ಅರ್ಧ ಬಲ ಹೋಯಿತೆಂದಲ್ಲ, ಮುಂದಿನ ಗಾಲಿಗಳೆರಡರ ಬಲವೂ ಪೂರ್ತಿ ಹೋಯಿತು. ಮಾರುವವನು ತೋರಿಸಿದುದೆಲ್ಲ ಸತ್ಯವೇ: ಸನ್ನೆ ಬಿತ್ತು, ಶಾಫ್ಟು ತಿರುಗಿತು. ತೋರಿಸದೆ ಬಿಟ್ಟುದರಲ್ಲಿ ಮೋಸವಿತ್ತೋ, ಅವನಿಗೂ ನಮ್ಮಂತೆಯೇ ತಿಳಿಯದೋ, ದೇವರೇ ಬಲ್ಲ.

ಎಂಟು ಮಂದಿ ಯಾತ್ರಿಕರನ್ನು ತುಂಬಿಕೊಂಡು ಕೊಡಚಾದ್ರಿಯ ಕಡಿದಾದ ತಿರುವಿನಲ್ಲಿ, ಒದ್ದೆ ಕಲ್ಲಿನ ಮೇಲೆ, ನಾಲ್ಕು ಗಾಲಿಗಳೂ ಹಿಡಿದಿವೆಯೆಂದು ನಂಬಿ ಅವನು ಗಾಡಿ ಏರಿಸುತ್ತಿದ್ದ. ಹಿಂದಿನ ಒಂದು ಗಾಲಿ ಜಾರಿದರೆ ಸಾಕಿತ್ತು. ಜೊತೆಯದೂ ನಿಲ್ಲುತ್ತಿತ್ತು, ಮುಂದಿನವು ಎಳೆಯುತ್ತಿರಲಿಲ್ಲ. ಗಾಡಿ ಹಿಂದಕ್ಕೆ ಸರಿಯತೊಡಗಿದಾಗ ಬದಿಯಲ್ಲಿ ಏನಿರುತ್ತದೆಂಬುದು ಆ ದಾರಿ ಕಂಡವರಿಗೆ ಗೊತ್ತು. ಇದನ್ನು ಯೋಚಿಸಿದಾಗ, “ಮುಂಗಡ ಕೊಟ್ಟುಬಿಡು” ಎಂದ ನಮ್ಮ ನಾಲಿಗೆಯನ್ನು ನಾವೇ ಕಚ್ಚಿಕೊಳ್ಳಬೇಕೆನ್ನಿಸಿತು.

ಲಾಕಿಗೂ ಲಾಕಿಗೂ ವ್ಯತ್ಯಾಸ

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಹಬ್ಬನ್ನು ಲಾಕ್ ಮಾಡಿದರೆ ನಾಲ್ಕು ಗಾಲಿಗಳೂ ಒಂದಕ್ಕೊಂದು ಬಿಗಿದುಕೊಂಡು ಯಾವ ಕೆಸರಿನಿಂದಲೂ ಮೇಲೆದ್ದು ಬರುತ್ತವೆಂದು ಡ್ರೈವರರಲ್ಲಿಯೂ ಅನೇಕರು ನಂಬಿದ್ದಾರೆ. ಹಾಗಲ್ಲ. ಹಬ್ಬು ಹಗ್ಗದ ಗಂಟು ಮಾತ್ರ. ಎರಡು ಗಂಟುಗಳೂ ಭದ್ರವಾಗಿದ್ದರೂ ರಾಟೆಯ ಧರ್ಮ ಹೋಗುವುದಿಲ್ಲ. ಮುಂದಿನದೊಂದು ಗಾಲಿ, ಹಿಂದಿನದೊಂದು ಗಾಲಿ ಏಕಕಾಲದಲ್ಲಿ ಹಿಡಿತ ಕಳೆದುಕೊಂಡರೆ ಒಳ್ಳೆಯ ಫೋರ್ ವೀಲ್ ಜೀಪೂ ನಿಂತುಬಿಡುತ್ತದೆ. ಹಗ್ಗವನ್ನು ರಾಟೆಗೇ ಬಿಗಿದು ಜಾರದಂತೆ ಮಾಡುವ ಉಪಕರಣ ಬೇರೆಯೇ ಇದೆ. ಅದು ಡಿಫರೆನ್ಶಿಯಲ್ ಲಾಕ್. ನಮ್ಮ ಆಕುರ್ಡಿಯ ಫೋರ್ಸ್ ಮೋಟರ್ಸ್ ಸಂಸ್ಥೆಯ ‘ಗೂರ್ಖಾ’ ವಾಹನದಲ್ಲಿ ಮುಂದಿನ ಹಿಂದಿನ ಅಚ್ಚುಗಳೆರಡಕ್ಕೂ ಇಂತಹ ಲಾಕುಗಳಿರುವುದು ಅದರ ಒಂದು ವೈಶಿಷ್ಟ್ಯ. ಇದನ್ನು ಕೆಸರಿನಲ್ಲಿ ನೇರವಾಗಿ ಹೋಗುವಾಗ ಮಾತ್ರ ಹಾಕಿ, ಗಟ್ಟಿನೆಲ ಸಿಕ್ಕೊಡನೆ ತೆಗೆಯಬೇಕು. ಹಾಗೆ ಮಾಡದಿದ್ದರೆ ರಥಬೀದಿಯ ತಿರುವಿನ ತೊಂದರೆ ಮತ್ತೆ ಎದ್ದುನಿಲ್ಲುತ್ತದೆ.

ನಮ್ಮವರಲ್ಲಿ ಹಳೆಯ ಜೀಪನ್ನೋ ಪಿಕಪ್ಪನ್ನೋ ಕೊಂಡು ಊರಿನಲ್ಲಿ ಜೀವನ ಮಾಡುವ ಆಸೆಯುಳ್ಳವರು ಇನ್ನೂ ಇರಬಹುದು. ಅವರಿಗಾಗಿ ಮಿಸ್ತ್ರಿಯ ಉಪದೇಶವನ್ನು ಸಂಗ್ರಹವಾಗಿ ಕೊಡುತ್ತೇವೆ.

ಸನ್ನೆಯನ್ನೂ ಶಾಫ್ಟನ್ನೂ ನೋಡಿ ತೃಪ್ತರಾಗಬೇಡಿರಿ. ಮೇಲೆ ಹೇಳಿದಂತೆ ಮುಂದಿನ ಗಾಲಿಗಳೆರಡನ್ನೂ ಎತ್ತಿ, ಭದ್ರವಾದ ಆಧಾರ ಕೊಟ್ಟು, ಒಂದನ್ನು ಕೈಯಿಂದ ತಿರುಗಿಸಿರಿ. ಇನ್ನೊಂದು ವಿರುದ್ಧ ದಿಕ್ಕಿಗೆ ತಿರುಗಿದರೆ ಎರಡು ಹಬ್ಬುಗಳೂ ಕಚ್ಚಿವೆ ಎಂದರ್ಥ. ಬಳಿಕ ಎರಡನ್ನೂ ‘ಫ್ರೀ’ ಮಾಡಿ ತಿರುಗಿಸಿರಿ. ಆಗ ಒಂದರ ಗೊಡವೆ ಇನ್ನೊಂದಕ್ಕಿರಬಾರದು. ಜಾಕನ್ನೊಂದನ್ನೇ ನಂಬಿ ಗಾಡಿಯ ಕೆಳಗೆ ಯಾರೂ ತೂರಬಾರದು.

ಕೆಸರಿಗಿಳಿಯುವ ಮೊದಲೇ ಇಳಿದು ಎರಡು ಹಬ್ಬುಗಳನ್ನೂ ಲಾಕ್ ಮಾಡಬೇಕು. ಹೂತ ಮೇಲೆ ಬಿಲ್ಲೆ ಕೆಸರಿನೊಳಗಿರುತ್ತದೆ. ಒಂದನ್ನು ಮಾಡಿ ಇನ್ನೊಂದನ್ನು ಮರೆತರೆ ಎರಡನ್ನೂ ಮರೆತಂತೆಯೇ. ಹಬ್ಬು ‘ಫ್ರೀ’ ಇರುವಾಗ ‘ಫೋರ್ ಎಲ್’ ಹಾಕಿ ಭಾರ ಎಳೆಯಬಾರದು. ಹೆಚ್ಚಿದ ಬಲವೆಲ್ಲ ಹಿಂದಿನ ಅಚ್ಚಿನ ಮೇಲೆಯೇ ಬೀಳುತ್ತದೆ. ಹಬ್ಬು ‘ಲಾಕ್’ ಇದ್ದು ಸನ್ನೆ ‘ಟೂ ಎಚ್’ನಲ್ಲಿದ್ದರೆ ಡಾಮರಿನ ಮೇಲೆ ಹಾನಿಯೇನಿಲ್ಲ, ತಿಂಗಳಿಗೊಮ್ಮೆ ಹಾಗೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿದರೆ ಒಳಗಿನ ಭಾಗಗಳಿಗೆ ಎಣ್ಣೆ ಹರಿದು ತುಕ್ಕು ಹಿಡಿಯದು. ಹೊಳೆ ದಾಟಿದ ಗಾಡಿಯ ಹಬ್ಬುಗಳನ್ನು ಬಿಚ್ಚಿಸಿ, ನೀರು ಸೇರಿದೆಯೇ ಎಂದು ನೋಡಿ, ಹೊಸ ಗ್ರೀಸು ಹಾಕಿಸಬೇಕು. ಅಳತೆಗೆ ಮೀರಿ ಗ್ರೀಸು ತುರುಕುವುದೂ ತಪ್ಪು, ಉಂಗುರ ಸರಿಯದು.

ಕಾಗದಪತ್ರದ ವಿಷಯದಲ್ಲಿಯೂ ಅಷ್ಟೇ ಎಚ್ಚರಿಕೆ ಬೇಕು. ಮಹಾರಾಷ್ಟ್ರದ ಗಾಡಿಯನ್ನು ಕರ್ನಾಟಕದಲ್ಲಿ ನೆಲೆಯಾಗಿ ಇಟ್ಟುಕೊಳ್ಳಬೇಕಾದರೆ ಇಲ್ಲಿನ ಆರ್.ಟಿ.ಓ. ಕಚೇರಿಯಿಂದ ಆಕ್ಷೇಪಣೆಯಿಲ್ಲವೆಂಬ ಪತ್ರ ಪಡೆದು ಅಲ್ಲಿ ಮತ್ತೆ ನೋಂದಾಯಿಸಬೇಕು. ಬಾಡಿಗೆಗೆ ಜನರನ್ನು ಕರೆದೊಯ್ಯಲು ಪರ್ಮಿಟ್ಟೂ, ಫಿಟ್‌ನೆಸ್ ಪತ್ರವೂ, ವಿಮೆಯೂ ಬೇಕು. ಗಾಡಿಯ ಬೆಲೆಯೊಂದನ್ನೇ ಲೆಕ್ಕ ಹಾಕಿ ಇವನ್ನು ಮರೆತವರು ಊರು ಮುಟ್ಟಿದ ಮೇಲೆ ಸಾಲಕ್ಕೆ ಬೀಳುತ್ತಾರೆ.

ಉಪಸಂಹಾರ

ಮಾರುವವನೊಡನೆ ನಾವು ಮತ್ತೆ ಮಾತಿಗೆ ಕುಳಿತೆವು. “ಸನ್ನೆ ಬೀಳುತ್ತದೆಂದೆ, ಬೀಳುತ್ತದೆ, ಸುಳ್ಳೇನು ಹೇಳಿದೆ?” ಎಂದು ಮೊದಲು ಅವನು ಜಗ್ಗಲಿಲ್ಲ. ಮಿಸ್ತ್ರಿಯೇ ಬಂದು, ಅವನೆದುರಿಗೇ ಗಾಲಿಯನ್ನೆತ್ತಿ ತಿರುಗಿಸಿ ತೋರಿಸಿದ ಮೇಲೆ ಮಾತು ಮೆತ್ತಗಾಯಿತು. ಕೊನೆಗೆ ಒಂದು ಜೊತೆ ಹೊಸ ಹಬ್ಬುಗಳ ವೆಚ್ಚದಲ್ಲಿ ಅರ್ಧವನ್ನು ಅವನು ಬೆಲೆಯಲ್ಲಿ ಇಳಿಸಿದ. ಉಳಿದರ್ಧವನ್ನು ನಾವು ತೆತ್ತೆವು. ಅದನ್ನು ದಾನವೆಂದು ಯಾರೂ ಭಾವಿಸಬಾರದು. ತಿಳಿಯದ ವಿಷಯದಲ್ಲಿ ತೀರ್ಪು ಕೊಟ್ಟುದಕ್ಕೆ ನಾವು ಕಟ್ಟಿದ ದಂಡವದು. ಧಣಿಯ ಮಾತಿಗೆ ಹುಡುಗರು ಎದುರಾಡುವುದಿಲ್ಲ ಎಂಬುದೇ ಧಣಿಯಾದವನು ಮಾತನ್ನು ತೂಗಿ ಆಡಬೇಕಾದುದಕ್ಕೆ ಕಾರಣ. ಗಲ್ಲೆಯ ಹಿಂದೆ ಕುಳಿತ ಮಾತ್ರಕ್ಕೆ ಎಲ್ಲವೂ ತಿಳಿದಂತಾಗುವುದಿಲ್ಲ. ಲೇಖನಿ ಹಿಡಿದ ಮಾತ್ರಕ್ಕೂ ಇಲ್ಲ.

ಕಾತ್ರಜ ದಾಟಿ, ಸಾತಾರಾ, ಕೊಲ್ಹಾಪುರ, ಬೆಳಗಾವಿಗಳ ದಾರಿಯಲ್ಲಿ ಅವನು ಜೀಪನ್ನು ಊರಿಗೆ ಒಯ್ದ. ಕಾಗದಪತ್ರಗಳು ಸರ್ಯಾಗುವಷ್ಟರಲ್ಲಿ ನವರಾತ್ರಿ ಬಂದಿತ್ತು. ಒಂದು ದಿನ ಫೋನು ಮಾಡಿದ. ಬೆಟ್ಟದ ದಾರಿಯಲ್ಲಿ ಮಳೆಯ ಕೆಸರು ಇನ್ನೂ ಆರಿಲ್ಲವೆಂದೂ, ಮೊದಲ ಬಾಡಿಗೆ ಕ್ಷೇಮವಾಗಿ ಮುಗಿಯಿತೆಂದೂ ಹೇಳಿದ. ಡಾಮರು ಮುಗಿಯುವಲ್ಲಿ ಗಾಡಿ ನಿಲ್ಲಿಸಿದಾಗ ಒಳಗಿನ ಯಾತ್ರಿಕರು ದೇವಿಗೆ ಕೈಮುಗಿಯುತ್ತಾರಂತೆ. ಇವನು ಕೆಳಗಿಳಿದು ಎಡದ ಬಿಲ್ಲೆಯೊಂದು, ಬಲದ ಬಿಲ್ಲೆಯೊಂದು ತಿರುಗಿಸಿ, ಆಮೇಲೆ ತಾನೂ ಕೈಮುಗಿದು ಹತ್ತುತ್ತಾನಂತೆ. “ಇಳಿದದ್ದು ಯಾಕೆ ಅಂತ ಕೇಳುತ್ತಾರೆ ಧಣಿ. ಹೇಳಿದರೆ ಅವರಿಗೆ ಅರ್ಥವಾಗುವುದಿಲ್ಲ” ಎಂದು ನಕ್ಕ.

ಇನ್ನು ಮೇಲೆ ಆ ಬೆಟ್ಟ ಹತ್ತುವ ನಮ್ಮ ವಾಚಕರಿಗಾದರೂ ಅರ್ಥವಾಗಲಿ ಎಂಬುದೇ ನಮ್ಮ ಆಶಯ. ಡ್ರೈವರನು ಇಳಿದು ಬಿಲ್ಲೆ ತಿರುಗಿಸುವ ತನಕ ಅವಸರಪಡಿಸಬೇಡಿರಿ. ಬಿಲ್ಲೆಯಿರುವ ಗಾಡಿಯಲ್ಲಿ ಅವನು ಇಳಿಯದೆ ಹೊರಟರೆ, “ಹಬ್ಬು ಲಾಕ್ ಆಗಿದೆಯೇ?” ಎಂದು ಕೇಳಲು ಸಂಕೋಚಪಡಬೇಡಿರಿ.